ಅಧಿಕಾರದ ಪಟ್ಟಿಯಲ್ಲಿ ಇಲ್ಲದ ಗುರು

ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ಕೊಳಗವಿತ್ತು. ಗೇಣಿ ಭತ್ತ ಅಳೆಯಲು ಬಳಸುತ್ತಿದ್ದ ಅದನ್ನು, ಉಳುವ ಭೂಮಿ ತಮ್ಮ ಹೆಸರಿಗೆ ಬಂದ ಮೇಲೆ ಅಜ್ಜ ಅಟ್ಟಕ್ಕೇರಿಸಿದ್ದರು. ಭೂಮಿ ಕೊಡಿಸಿದವರು ಯಾರು ಎಂದು ಕೇಳಿದರೆ ದೇವರಾಜ ಅರಸರಿಗಿಂತ ಮೊದಲು ಶಾಂತವೇರಿ ಗೋಪಾಲಗೌಡರ ಹೆಸರನ್ನು ಹೇಳುತ್ತಿದ್ದರು. ಶಾಲೆಗೆ ಹೋಗುತ್ತಿದ್ದ ನನಗೆ ಇದು ಒಗಟಾಗಿತ್ತು. ಗೌಡರು ಎಂದೂ ಮಂತ್ರಿಯಾದವರಲ್ಲ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಅವರು ತೀರಿಕೊಂಡದ್ದು 1972ರಲ್ಲಿ.

ಆಟದ ಮೈದಾನವನ್ನು ಬಲ್ಲವರಿಗೆ ಈ ಒಗಟು ಬೇಗ ಬಿಡಿಸೀತು. ಕಾಲೇಜು ದಿನಗಳಲ್ಲಿ ತಂಡವನ್ನು ಮುನ್ನಡೆಸಿದ ಆಟಗಾರ ಮುಂದೆ ಗೆರೆಯಾಚೆ ನಿಂತು ಕಿರಿಯರನ್ನು ಪಳಗಿಸುತ್ತಾನೆ. ಗೆದ್ದಾಗ ಪದಕ ಆಡಿದವರ ಕೊರಳಿಗೆ ಬೀಳುತ್ತದೆ. ಪಳಗಿಸಿದವನನ್ನು ನೆನೆಯುವವರು ಆಟಗಾರರು ಮತ್ತು ಊರಿನ ಹಿರಿಯರಷ್ಟೇ. ಕರ್ನಾಟಕದ ರಾಜಕಾರಣದಲ್ಲಿ ಗೋಪಾಲಗೌಡರದು ಹೆಚ್ಚುಕಡಿಮೆ ಇದೇ ಪಾತ್ರ.

1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಅವರು ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಕಾಂಗ್ರೆಸ್ಸಿನ ನೆರಳಿಗೆ ಹೋಗದೆ ಸಮಾಜವಾದಿ ಪಕ್ಷದಲ್ಲಿ ನಿಂತರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿಬಿದ್ದರು. ಒಡೆಯರಿಗೆ ಸಲ್ಲಿಸಬೇಕಾದ ಭತ್ತವನ್ನು ಎಷ್ಟು ಸೇರಿನ ಕೊಳಗದಲ್ಲಿ ಅಳೆಯಬೇಕು ಎಂಬುದೇ ಜಗಳದ ಮೂಲ. ಎಚ್. ಗಣಪತಿಯಪ್ಪನವರು ಸಂಘಟಿಸಿದ್ದ ರೈತರ ಬೆನ್ನಿಗೆ ಗೋಪಾಲಗೌಡರೂ ಅವರ ಗೆಳೆಯರೂ ನಿಂತರು. ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಕೂಡಲೇ ಜಯ ಸಿಗಲಿಲ್ಲ. ಆದರೆ ಅಳತೆಯ ಪ್ರಶ್ನೆಯಾಗಿ ಹುಟ್ಟಿದ ಹೋರಾಟ ಭೂಮಿ ಯಾರದು ಎಂಬ ಪ್ರಶ್ನೆಯಾಗಿ ಬೆಳೆಯಿತು.

ಮರುವರ್ಷದ ಮೊದಲ ಮಹಾಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದ ಜನ ಇಪ್ಪತ್ತೆಂಟರ ಈ ಯುವಕನನ್ನು ವಿಧಾನಸಭೆಗೆ ಕಳುಹಿಸಿದರು. ಮತದ ಜೊತೆಗೆ ಒಂದು ರೂಪಾಯಿಯ ನೋಟನ್ನೂ ಮತದಾರರಿಂದಲೇ ಕೇಳಿ ಪಡೆಯುತ್ತಿದ್ದ ಅವರ ಪ್ರಚಾರದ ರೀತಿ ಮಲೆನಾಡಿನ ಮನೆಮಾತಾಯಿತು. 1957ರಲ್ಲಿ ಅವರು ಸೋತರು. 1961ರ ಭೂಸುಧಾರಣಾ ಕಾಯ್ದೆ ರೂಪುಗೊಳ್ಳುವಾಗ, ಗೇಣಿದಾರರ ಪರ ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡಬಲ್ಲವರು ಸದನದ ಹೊರಗಿದ್ದರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿ ಅವರನ್ನು ಮತ್ತೆ ಗೆಲ್ಲಿಸಿತು. ಸದನದಲ್ಲಿ ಅವರು ಕನ್ನಡದ ಆಡಳಿತಕ್ಕಾಗಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಗಾಗಿ, ಉಳುವವನ ಹಕ್ಕಿಗಾಗಿ ವಾದಿಸುತ್ತಲೇ ಬಂದರು. ಸಿಟ್ಟಿನ ಸ್ವಭಾವ ಅವರದು; ಅದರಿಂದ ಅವರಿಗೆ ನಷ್ಟವೂ ಆಯಿತು.

ಅವರ ನಿಜವಾದ ದುಡಿಮೆ ನಡೆದದ್ದು ಸದನದ ಆಚೆ. ಪುಸ್ತಕ, ಸಂಗೀತ, ಕಾವ್ಯಗಳ ಚರ್ಚೆಯ ನಡುವೆಯೇ ರಾಜಕಾರಣವನ್ನು ಕಲಿಸಬಲ್ಲವರಾಗಿದ್ದರು ಅವರು. ಆ ಒಡನಾಟದಲ್ಲಿ ಒಂದು ತಲೆಮಾರೇ ಬೆಳೆಯಿತು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿದರು. ಅದೇ ವರ್ಷ ಸೊರಬದಿಂದ ಎಸ್. ಬಂಗಾರಪ್ಪ ವಿಧಾನಸಭೆಗೆ ಬಂದರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. 1972ರಲ್ಲಿ ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ ಗೆದ್ದುಬಂದರು. ಸಾಹಿತ್ಯದಲ್ಲೂ ಅವರ ನೆರಳು ಬಿತ್ತು. ತೀರ್ಥಹಳ್ಳಿ ಸೀಮೆಯವರೇ ಆದ ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನ ಹಿಂದೆ ಗೋಪಾಲಗೌಡರ ಬದುಕಿದೆ.

ಆ ಚುನಾವಣೆಯ ಕೆಲವೇ ತಿಂಗಳ ಬಳಿಕ, 1972ರ ಜೂನ್ 9ರಂದು, ಕಾಯಿಲೆಯಿಂದ ಬಳಲಿದ್ದ ಗೌಡರು ತೀರಿಕೊಂಡರು. ವಯಸ್ಸು ನಲವತ್ತೊಂಬತ್ತು. ಮರುವರ್ಷ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದಾಗಿ ನಾಲ್ಕು ತಿಂಗಳಿಗೆ ಗೇಣಿ ಪದ್ಧತಿಯನ್ನು ಕೊನೆಗಾಣಿಸುವ ಕಾನೂನು ಜಾರಿಯಾಯಿತು. ಅವರು ಹೊತ್ತು ನಡೆದ ಎರಡು ಬೇಡಿಕೆಗಳನ್ನು ಅವರ ಎದುರಾಳಿ ಪಕ್ಷವೇ ಈಡೇರಿಸಿತು.

ಪಳಗಿಸಿದವನು ಆಟಗಾರರ ಮುಂದಿನ ಆಟಕ್ಕೆಲ್ಲ ಹೊಣೆಯಾಗಲಾರ. ಗೌಡರ ಗರಡಿಯಲ್ಲಿ ಬೆಳೆದವರಲ್ಲಿ ಕೆಲವರು ಪಕ್ಷ ಬದಲಿಸಿದರು, ಕೆಲವರು ಅಧಿಕಾರದ ಜೊತೆ ರಾಜಿಯಾದರು. ಅದನ್ನು ಮುಚ್ಚಿಟ್ಟು ಗೌಡರನ್ನು ಹೊಗಳುವುದು ಅವರಿಗೇ ಒಪ್ಪಿಗೆಯಾಗುತ್ತಿರಲಿಲ್ಲ. ಆದರೂ ಗೇಣಿದಾರನ ಮಗ ಶಾಸಕನಾಗಬಹುದು, ಕನ್ನಡ ಮಾತ್ರ ಬಲ್ಲವನು ಸದನದಲ್ಲಿ ತಲೆಯೆತ್ತಿ ಮಾತನಾಡಬಹುದು ಎಂಬ ಧೈರ್ಯ ಆ ಸೀಮೆಗೆ ಅವರಿಂದ ಬಂತು.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಮತ್ತೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಸರಿಯೋ ತಪ್ಪೋ ಎಂಬ ವಾದ ಇದ್ದದ್ದೇ. ನನ್ನನ್ನು ಕಾಡಿದ್ದು ಬೇರೆ ಸಂಗತಿ: ನಮ್ಮ ಊರಿನ ಹುಡುಗರು ಆ ವಾದಕ್ಕೆ ಇಳಿಯಲೇ ಇಲ್ಲ. ಅವರನ್ನು ಕೂರಿಸಿಕೊಂಡು ಕೊಳಗದ ಕಥೆ ಹೇಳುವವರು ಯಾರೂ ಉಳಿದಿರಲಿಲ್ಲ. ಪಕ್ಷಗಳಿಗೆ ಇಂದು ಅಭ್ಯರ್ಥಿಗಳ ಕೊರತೆಯಿಲ್ಲ, ಅಭ್ಯರ್ಥಿಯನ್ನು ಮನುಷ್ಯನನ್ನಾಗಿ ತಿದ್ದುವವರ ಕೊರತೆಯಿದೆ. ಅಜ್ಜ ಗೋಪಾಲಗೌಡರ ಹೆಸರನ್ನೇ ಮೊದಲು ಹೇಳುತ್ತಿದ್ದುದು ಏಕೆಂದು ನನಗೀಗ ಅರ್ಥವಾಗುತ್ತದೆ.