ಮುಂಗಾರಿನ ಗುಟ್ಟು ಹುಡುಕಿ ಹೊರಟ ಗಣಿತದ ಮೇಷ್ಟ್ರು

2023ರ ಮುಂಗಾರು ನಿಮಗೆ ನೆನಪಿರಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆಗ ಎಲ್ಲರ ಬಾಯಲ್ಲೂ ಎಲ್ ನಿನೋ. ಎಲ್ಲೋ ಪೆಸಿಫಿಕ್ ಸಾಗರ ಬಿಸಿಯಾದರೆ ಇಲ್ಲಿ ನಮ್ಮ ರಾಗಿ ಹೊಲ ಯಾಕೆ ಒಣಗಬೇಕು? ಈ ನಂಟಿನ ಎಳೆ ಹಿಡಿದವರಲ್ಲಿ ಮುಖ್ಯರು ಗಿಲ್ಬರ್ಟ್ ವಾಕರ್.

1868ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವಾಕರ್ ಕೇಂಬ್ರಿಡ್ಜ್‌ನಲ್ಲಿ ಗಣಿತ ಕಲಿಸುತ್ತಿದ್ದವರು. ಬೂಮರಾಂಗ್ ಎಸೆಯೋ ಹುಚ್ಚು ಬೇರೆ. ಹವಾಮಾನಶಾಸ್ತ್ರ ಓದಿದವರೇ ಅಲ್ಲ. 1899ರಲ್ಲಿ ಒಳ್ಳೆಯ ಮಳೆಯಾಗುತ್ತದೆ ಎಂದಿದ್ದ ಭಾರತದ ಹವಾಮಾನ ಇಲಾಖೆಯ ಮುನ್ಸೂಚನೆ ಹುಸಿಯಾಗಿ ಭೀಕರ ಬರ ಬಂತು. 1904ರಲ್ಲಿ ಆ ಇಲಾಖೆಯ ಹೊಣೆ ಇವರ ಹೆಗಲೇರಿತು. 1913ರಲ್ಲಿ ಮದ್ರಾಸಿನಲ್ಲಿ ಗುಮಾಸ್ತರಾಗಿದ್ದ ರಾಮಾನುಜನ್ ಅವರ ಲೆಕ್ಕಗಳನ್ನು ನೋಡಿ, ವಿಶ್ವವಿದ್ಯಾಲಯ ನೆರವಾಗಬೇಕೆಂದು ಶಿಫಾರಸು ಮಾಡಿದ್ದೂ ಇದೇ ವಾಕರ್.

ಭಾರತದ ಮಳೆಗೆ ಕಾರಣವನ್ನು ಭಾರತದೊಳಗೇ ಹುಡುಕಿದರೆ ಸಾಲದು ಅನ್ನೋದು ಅವರ ನಿಲುವು. ಹಾಗಾಗಿ ಜಗತ್ತಿನ ನಾನಾ ಮೂಲೆಗಳ ವಾಯುಒತ್ತಡ, ಉಷ್ಣಾಂಶ, ಮಳೆ, ನೈಲ್ ನದಿಯ ಪ್ರವಾಹದ ದಾಖಲೆಯನ್ನೂ ತರಿಸಿದರು. ಅವುಗಳ ನಡುವಿನ ಕೋರಿಲೇಷನ್ ಲೆಕ್ಕ ಹಾಕಿದ್ದು ಭಾರತೀಯ ಗುಮಾಸ್ತರು, ಅದೂ ಕೈಯಲ್ಲೇ. ಇಂಜಿನಿಯರಿಂಗ್ ಓದುವಾಗ ಕ್ಯಾಲ್ಕುಲೇಟರ್ ಇಟ್ಟುಕೊಂಡು ಅಂಥ ಒಂದು ಲೆಕ್ಕ ಮುಗಿಸೋಷ್ಟರಲ್ಲೇ ನಾನು ಸುಸ್ತಾಗುತ್ತಿದ್ದೆ. ಆ ಗುಮಾಸ್ತರ ಹೆಸರು ನಮ್ಮ ಯಾವ ಪಠ್ಯದಲ್ಲೂ ನಾನು ಓದಲಿಲ್ಲ.

ಆ ರಾಶಿ ಅಂಕಿಗಳಿಂದ ಎದ್ದು ಬಂದದ್ದು ಒಂದು ತಕ್ಕಡಿ: ಪೆಸಿಫಿಕ್‌ನಲ್ಲಿ ವಾಯುಒತ್ತಡ ಏರಿದರೆ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಇದಕ್ಕೆ ಅವರು ದಕ್ಷಿಣದ ತೂಗಾಟ ಎಂಬರ್ಥದ ಹೆಸರಿಟ್ಟರು. ಆದರೆ ಅದು ಯಾಕೆ ತೂಗುತ್ತದೆ ಅಂತ ಹೇಳಲಾಗಲಿಲ್ಲ. ಮುಂಗಾರನ್ನು ನೆಚ್ಚಿಕೊಳ್ಳುವಷ್ಟು ಕರಾರುವಾಕ್ಕಾಗಿ ಮೊದಲೇ ಹೇಳುವುದೂ ಕೈಗೂಡಲಿಲ್ಲ. 1924ರಲ್ಲಿ ನಿವೃತ್ತರಾಗಿ ಊರಿಗೆ ಮರಳಿದರು. ಬರೀ ಅಂಕಿಯಾಟ ಅಂತ ಅನುಮಾನಿಸಿದವರು ಕಡಿಮೆಯೇನಿರಲಿಲ್ಲ. 1958ರ ನವೆಂಬರ್‌ನಲ್ಲಿ ತೀರಿಕೊಂಡರು.

ವಿಚಿತ್ರ ನೋಡಿ, ಉತ್ತರ ಸಿಗಲು ಬೇಕಾದ ಮಾಹಿತಿ ಅದೇ ಹೊತ್ತಿಗೆ ಸಂಗ್ರಹವಾಗುತ್ತಿತ್ತು. 1957-58ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ 60ಕ್ಕೂ ಹೆಚ್ಚು ದೇಶಗಳು ಕೈಜೋಡಿಸಿದ್ದವು. ಶೀತಲ ಸಮರದ ನಡುವೆಯೂ ಅಮೆರಿಕ, ಸೋವಿಯತ್ ಎರಡೂ ಅದರಲ್ಲಿದ್ದವು. ಆಗಲೇ ಎಲ್ ನಿನೋ ಬಂದಿತ್ತು. ಆ ಮಾಹಿತಿ ಹಿಡಿದು ಜೇಕಬ್ ಬ್ಯರ್ಕ್‌ನೆಸ್ ಸಾಗರದ ಬಿಸಿಗೂ ವಾಕರ್ ಕಂಡ ತೂಗಾಟಕ್ಕೂ ಗಂಟು ಹಾಕಿದರು. 1969ರಲ್ಲಿ ಪೆಸಿಫಿಕ್‌ನ ಆ ಗಾಳಿಯ ಸುತ್ತಾಟಕ್ಕೆ ವಾಕರ್ ಹೆಸರನ್ನೇ ಇಟ್ಟರು.

ವಾಕರ್ ದುಡಿದದ್ದು ಸಾಮ್ರಾಜ್ಯಕ್ಕೆ. ಆ ಸಾಮ್ರಾಜ್ಯಕ್ಕೆ ರೈತರ ಹಸಿವಿಗಿಂತ ಕಂದಾಯದ ಚಿಂತೆ ದೊಡ್ಡದಿತ್ತು ಅನ್ನೋದನ್ನು ಮರೆಯಬೇಕಿಲ್ಲ. ಆದರೆ ಅವರು ತೋರಿಸಿಕೊಟ್ಟ ಸತ್ಯಕ್ಕೆ ಗಡಿಯಿಲ್ಲ. 2025ರಲ್ಲಿ ಅಮೆರಿಕ ತನ್ನ ಹವಾಮಾನ ಸಂಸ್ಥೆಯ ನೂರಾರು ಸಿಬ್ಬಂದಿಯನ್ನು ತೆಗೆದಾಗ ಕೆಲವೆಡೆ ವೀಕ್ಷಣಾ ಬಲೂನ್ ಹಾರಿಸುವುದೇ ನಿಂತಿತು. ಅದು ಅವರ ಮನೆ ವಿಷಯ, ನಮಗ್ಯಾಕೆ ಅನ್ನೋ ಹಾಗಿಲ್ಲ. ಅಲ್ಲಿ ಅಳೆಯೋದು ನಿಂತರೆ ಇಲ್ಲಿ ಬಿತ್ತನೆಗೆ ಕಾಯುವವರು ಕತ್ತಲಲ್ಲಿ ಕೂರಬೇಕಾಗುತ್ತದೆ.