ಬಾಂಬಿನ ನೆರಳಲ್ಲಿ ಬೇಲಿ ಕಾದ ಜನರಲ್ ತಿಮ್ಮಯ್ಯ

2025ರ ಮೇ ತಿಂಗಳ ಆ ನಾಲ್ಕು ದಿನ ನಿಮಗೂ ನೆನಪಿರುತ್ತೆ. 7ರ ಬೆಳಗಿನ ಜಾವ ಆಪರೇಷನ್ ಸಿಂಧೂರ ಶುರುವಾಯ್ತು, 10ರ ಸಂಜೆ ಕದನ ವಿರಾಮ ಆಯ್ತು. ಅಷ್ಟೂ ದಿನ ನಾವು ಓದಿದ್ದು ಕಮ್ಮಿ, ಫೋನ್ ನೋಡಿದ್ದೇ ಜಾಸ್ತಿ. ಮಂಡಿಪೇಟೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನೋಕೆ ನಿಂತಾಗಲೂ ಅದೇ ಮಾತು. ಮೂಟೆ ಇಳಿಸೋ ಹಮಾಲರಿಂದ ಹಿಡಿದು ಗಲ್ಲಾ ಮುಂದೆ ಕೂತ ಸಾಹುಕಾರರ ತನಕ ಎಲ್ಲರೂ ಅವತ್ತು ಸೇನಾಪತಿಗಳೇ. ಒಂದು ಅಣುಬಾಂಬ್ ಹಾಕಿಬಿಟ್ಟರೆ ಎಲ್ಲ ಮುಗಿದುಹೋಗುತ್ತೆ ಅಂತ ನಮ್ಮ ಗುಂಪಿನಲ್ಲೇ ಒಬ್ಬ ಹೇಳಿದ. ಯುದ್ಧ ಹೇಗೆ ಶುರುವಾಗುತ್ತೆ ಅಂತ ನಮಗೆಲ್ಲ ಗೊತ್ತಿತ್ತು. ಶುರುವಾದದ್ದನ್ನು ಯಾರು, ಹೇಗೆ ನಿಲ್ಲಿಸುತ್ತಾರೆ ಅನ್ನೋದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ಅದನ್ನೇ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ನಿಜ ಹೇಳ್ಬೇಕು ಅಂದ್ರೆ ಅಲ್ಲಿಯವರೆಗೆ ನಮ್ಮಲ್ಲಿ ಅರ್ಧ ಜನ ಕಾರ್ಯಪ್ಪ, ತಿಮ್ಮಯ್ಯ ಇಬ್ಬರನ್ನೂ ಒಬ್ಬರೇ ಅಂದುಕೊಂಡಿದ್ವಿ. ಅಲ್ಲ. ಕಾರ್ಯಪ್ಪನವರು ಸ್ವತಂತ್ರ ಭಾರತದ ಸೇನೆಗೆ ಮೊದಲ ಭಾರತೀಯ ಮುಖ್ಯಸ್ಥರು. ತಿಮ್ಮಯ್ಯ ಆಮೇಲೆ ಬಂದವರು. ಅವರ ಬದುಕಿನ ದೊಡ್ಡ ಕೆಲಸ ನಡೆದದ್ದು ನಮ್ಮ ಗಡಿಯಲ್ಲಲ್ಲ, ಕೊರಿಯಾದಲ್ಲಿ.

ಕೊಡಂದೇರ ಮನೆತನದ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಕಾಫಿ ತೋಟದ ಮನೆ. ಕೂನೂರು, ಬೆಂಗಳೂರಿನ ಬಿಷಪ್ ಕಾಟನ್, ಆಮೇಲೆ ಡೆಹ್ರಾಡೂನಿನ ಮಿಲಿಟರಿ ಶಾಲೆ ಹೀಗೆ ಓದು ಸಾಗಿತು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ 1926ರಲ್ಲಿ ಅಧಿಕಾರಿಯಾದರು. ಆಗ ಸೇನೆಯಲ್ಲಿ ಭಾರತೀಯ ಅಧಿಕಾರಿ ಅಂದ್ರೆ ಬೆರಳೆಣಿಕೆ. 1935ರಲ್ಲಿ ನೀನಾ ಅವರ ಜೊತೆ ಮದುವೆಯಾಯ್ತು. ಅದೇ ವರ್ಷ ಮೇ 31ರಂದು ಕ್ವೆಟ್ಟಾದಲ್ಲಿ ಭಾರಿ ಭೂಕಂಪವಾದಾಗ ಹೊಸ ದಂಪತಿ ಅಲ್ಲೇ ಇದ್ದರು, ಇಬ್ಬರೂ ಪರಿಹಾರದ ಕೆಲಸಕ್ಕೆ ಇಳಿದರು.

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಕಡೆ ಜಪಾನಿಯರ ವಿರುದ್ಧ ಹೋರಾಡಿದರು. ಯುದ್ಧಭೂಮಿಯಲ್ಲಿ ಒಂದು ಬ್ರಿಗೇಡನ್ನು ಮುನ್ನಡೆಸಿದ ಮೊದಲ ಭಾರತೀಯ ಅನ್ನಿಸಿಕೊಂಡರು. ಇದೇ ಹೊತ್ತಿಗೆ ಅವರ ಅಣ್ಣ ಪೊನ್ನಪ್ಪ ಎದುರು ಕಡೆ ಇದ್ದರು! ಸಿಂಗಾಪುರ ಬಿದ್ದಾಗ ಜಪಾನಿಯರ ಕೈಗೆ ಸಿಕ್ಕ ಭಾರತೀಯ ಸೈನಿಕರಲ್ಲಿ ಎಷ್ಟೋ ಜನ ಹಳೆಯ ಸೇನೆಯನ್ನು ಬಿಟ್ಟು ಆಜಾದ್ ಹಿಂದ್ ಫೌಜ್ ಸೇರಿದರು, ಅಣ್ಣನೂ ಅವರಲ್ಲೊಬ್ಬರು. ಸೆರೆ ಸಿಕ್ಕ ಸೈನಿಕ ತನ್ನ ಹಳೆಯ ಕಡೆಗೆ ವಾಪಸ್ ಹೋಗೋದಿಲ್ಲ ಅಂದ್ರೆ ಏನರ್ಥ ಅನ್ನೋದು ತಿಮ್ಮಯ್ಯನವರಿಗೆ ಮನೆಯೊಳಗಿನ ವಿಷಯವೇ ಆಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಯುದ್ಧ ಮುಗಿದ ಮೇಲೆ 268ನೇ ಬ್ರಿಗೇಡಿನ ಜೊತೆ ಜಪಾನಿಗೆ ಹೋದರು. ಅವರ ಬ್ರಿಗೇಡ್ ಸೇರಿದ್ದ ಕಾಮನ್‌ವೆಲ್ತ್ ಪಡೆಯ ನೆಲೆ ಕುರೆ ಅನ್ನೋ ಬಂದರು ಊರಿನಲ್ಲಿತ್ತು. ಅಲ್ಲಿಂದ ಹಿರೋಷಿಮಾ ಸುಮಾರು 20 ಕಿಲೋಮೀಟರ್. ದಾವಣಗೆರೆಗೆ ಹರಿಹರ ಇದ್ದ ಹಾಗೆ, ಸ್ವಲ್ಪ ಜಾಸ್ತಿ ದೂರ ಅಷ್ಟೇ. ಅಣುಬಾಂಬ್ ಅನ್ನೋದು ಆ ಪಡೆಯವರಿಗೆ ಪೇಪರಿನಲ್ಲಿ ಓದುವ ಸುದ್ದಿ ಆಗಿರಲಿಲ್ಲ, ಪಕ್ಕದ ಊರಾಗಿತ್ತು.

ಇನ್ನು ಕಾಶ್ಮೀರ. ನಮ್ಮ ಬ್ರಾಂಚಿನವರೆಲ್ಲ ಓದಲೇಬೇಕಾದ ಭಾಗ ಇದು. 1948ರಲ್ಲಿ ಲಡಾಖ್ ಕಡೆಯ ದಾರಿಯನ್ನು ಜೋಜಿಲಾ ಕಣಿವೆಯಲ್ಲಿ ಪಾಕಿಸ್ತಾನದ ಕಡೆಯವರು ಹಿಡಿದಿದ್ದರು. ಎತ್ತರ 11,500 ಅಡಿಗೂ ಮೇಲೆ. ಕಾಲಾಳುಗಳು ಹತ್ತಲು ಪ್ರಯತ್ನಿಸಿ ಆಗಲಿಲ್ಲ. ಆಗ ಡಿವಿಷನ್ ಕಮಾಂಡರ್ ಆಗಿದ್ದ ತಿಮ್ಮಯ್ಯ ಅಲ್ಲಿಗೆ ಟ್ಯಾಂಕ್ ತರಿಸಲು ತೀರ್ಮಾನಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತೆ ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ತಿರುಗು ಗೋಪುರಗಳನ್ನು ಬಿಚ್ಚಿ, ಗುಟ್ಟಾಗಿ ಸಾಗಿಸಿ, ಬಾಲ್ಟಾಲ್‌ನಲ್ಲಿ ಮತ್ತೆ ಜೋಡಿಸಿದರು. ಅಲ್ಲಿಂದ ಮೇಲಕ್ಕೆ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇರೋದು ನಮ್ಮ ಬೆಂಗಳೂರಲ್ಲೇ. 1948ರ ನವೆಂಬರ್ 1ರಂದು ಟ್ಯಾಂಕುಗಳು ಹಿಮದಲ್ಲಿ ಮೇಲೇರಿದವು, ಮುಂದಿನ ಟ್ಯಾಂಕಿನಲ್ಲಿ ಜನರಲ್ ತಿಮ್ಮಯ್ಯನವರೇ ಇದ್ದರು. ಕಣಿವೆ ಅವತ್ತೇ ಕೈಗೆ ಬಂತು.

ಸೈನ್ಯ ಜಮಾಯಿಸಿ ಗೆಲ್ಲೋದು ಹೇಗೆ ಅಂತ ಗೊತ್ತಿದ್ದ ಈ ಮನುಷ್ಯನಿಗೆ ಐದು ವರ್ಷದ ನಂತರ ಸಿಕ್ಕಿದ್ದು ತಲೆಕೆಳಗಾದ ಕೆಲಸ.

ಕೊರಿಯಾ ಯುದ್ಧ ಶುರುವಾದದ್ದು 1950ರ ಜೂನ್ 25ರಂದು. ಉತ್ತರ ಕೊರಿಯಾ ದಕ್ಷಿಣದ ಮೇಲೆ ನುಗ್ಗಿತು. ವಿಶ್ವಸಂಸ್ಥೆಯ ಹೆಸರಲ್ಲಿ ಅಮೆರಿಕ ಇಳಿಯಿತು, ಆ ಪಡೆ ಚೀನಾ ಗಡಿಯ ಹತ್ತಿರ ಹೋದಾಗ ಚೀನಾ ತನ್ನ ದೊಡ್ಡ ಸೈನ್ಯವನ್ನು ನುಗ್ಗಿಸಿತು. ಚೀನಾದ ಬೆನ್ನಿಗೆ ಸೋವಿಯತ್ ಒಕ್ಕೂಟ ಇತ್ತು, ಅದು 1949ರಲ್ಲೇ ಬಾಂಬ್ ಪರೀಕ್ಷಿಸಿತ್ತು. 1950ರ ನವೆಂಬರ್ 30ರಂದು ಅಧ್ಯಕ್ಷ ಟ್ರೂಮನ್ ಅಣುಬಾಂಬ್ ಬಳಕೆಯೂ ಪರಿಶೀಲನೆಯಲ್ಲಿದೆ ಅನ್ನೋ ಅರ್ಥದ ಮಾತಾಡಿದ್ದೇ ತಡ, ಬ್ರಿಟನ್ ಪ್ರಧಾನಿ ಆಟ್ಲಿ ಗಾಬರಿಯಾಗಿ ವಾಷಿಂಗ್ಟನ್‌ಗೆ ಹಾರಿದರು. 1951ರ ಏಪ್ರಿಲ್‌ನಲ್ಲಿ ಅಮೆರಿಕ ಬಾಂಬುಗಳನ್ನು ಪೆಸಿಫಿಕ್ ಕಡೆಗೆ ಸಾಗಿಸಿತು ಕೂಡ.

1951ರ ಜುಲೈನಲ್ಲಿ ಮಾತುಕತೆ ಶುರುವಾಯ್ತು. ಗಡಿ ಗೆರೆ ಎಲ್ಲಿ ಅನ್ನೋದು ಹೆಚ್ಚುಕಮ್ಮಿ ಬಗೆಹರಿಯಿತು. ಸಿಕ್ಕಿಹಾಕಿಕೊಂಡದ್ದು ಒಂದೇ ಕಡೆ, ಯುದ್ಧ ಕೈದಿಗಳು. ಜಿನೀವಾ ಒಪ್ಪಂದದ ಪ್ರಕಾರ ಎಲ್ಲರನ್ನೂ ವಾಪಸ್ ಕಳಿಸಬೇಕು ಅಂತ ಚೀನಾ, ಉತ್ತರ ಕೊರಿಯಾ ಪಟ್ಟು ಹಿಡಿದವು. ಹೋಗಲು ಒಪ್ಪದವರನ್ನು ಬಲವಂತವಾಗಿ ಕಳಿಸಲ್ಲ ಅಂತ ಅಮೆರಿಕ ಹಠ ಹಿಡಿಯಿತು. ಈ ಒಂದು ವಿಷಯಕ್ಕೆ ಒಂದು ವರ್ಷಕ್ಕೂ ಮೀರಿ ಯುದ್ಧ ಎಳೆಯಿತು, ಜನ ಸಾಯ್ತಾನೇ ಇದ್ದರು. 1953ರ ಮೇನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡಲೆಸ್ ದೆಹಲಿಗೆ ಬಂದು, ಒಪ್ಪಂದ ಆಗದಿದ್ದರೆ ಯುದ್ಧ ಇನ್ನೂ ಜೋರಾಗುತ್ತೆ ಅಂತ ನೆಹರೂಗೆ ಹೇಳಿದರು. ಅಣುಬಾಂಬಿನ ಆ ಸುಳಿವು ಚೀನಾಗೆ ಮುಟ್ಟಿದ್ದರಿಂದಲೇ ಯುದ್ಧ ನಿಂತಿತು ಅಂತ ಡಲೆಸ್ ಆಮೇಲೆ ಹೇಳಿಕೊಂಡರು. ಅಂಥ ಸಂದೇಶ ತಾನು ಮುಟ್ಟಿಸಿಲ್ಲ ಅಂತ ನೆಹರೂ ಹೇಳಿದರು. ಅದೇ ವರ್ಷ ಮಾರ್ಚ್‌ನಲ್ಲಿ ಸ್ಟಾಲಿನ್ ಸತ್ತಿದ್ದೂ ಒಂದು ಕಾರಣ ಅಂತಾರೆ. ಬೆದರಿಕೆ ಎಷ್ಟು ಕೆಲಸ ಮಾಡಿತು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಆದರೆ ಬೆದರಿಕೆ ಎಷ್ಟೇ ಇದ್ದರೂ ಆ ಕೈದಿಗಳನ್ನು ಯಾರೋ ಒಬ್ಬರು ಹೋಗಿ ನೋಡಿಕೊಳ್ಳಲೇಬೇಕಿತ್ತು. ಎರಡೂ ಕಡೆ ಒಪ್ಪಿದ್ದು ಭಾರತವನ್ನು. 1953ರ ಜುಲೈ 27ರಂದು ಕದನ ವಿರಾಮಕ್ಕೆ ಸಹಿ ಬಿತ್ತು.

ಕೈದಿಗಳ ವಿಚಾರಕ್ಕೆ ಐದು ದೇಶಗಳ ಆಯೋಗ ಆಯ್ತು. ಅಮೆರಿಕದ ಕಡೆಗೆ ಹತ್ತಿರದವರು ಸ್ವೀಡನ್, ಸ್ವಿಟ್ಜರ್ಲೆಂಡ್. ಆ ಕಡೆಗೆ ಹತ್ತಿರದವರು ಪೋಲೆಂಡ್, ಜೆಕೊಸ್ಲೊವಾಕಿಯಾ. ನಡುವೆ ಅಧ್ಯಕ್ಷರಾಗಿ ತಿಮ್ಮಯ್ಯ. ಲೆಕ್ಕ ಮಾಡಿ ನೋಡಿ, ಎರಡು ಎರಡು ಸಮ. ಪ್ರತಿ ಜಗಳದಲ್ಲೂ ಇವರ ಓಟೇ ಕೊನೆ. ಕಾವಲಿಗೆ ಮೇಜರ್ ಜನರಲ್ ಥೋರಟ್ ಕೈಕೆಳಗೆ ಸುಮಾರು 6,000 ಭಾರತೀಯ ಸೈನಿಕರು ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಈ ಒಪ್ಪಂದವೇ ಬೇಡವಾಗಿತ್ತು. ತಮ್ಮ ನೆಲದ ಮೇಲೆ ಭಾರತೀಯರು ಕಾಲಿಡಕೂಡದು ಅಂದರು. ಹಾಗಾಗಿ ನಮ್ಮವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ನೇರ ಸೇನಾರಹಿತ ವಲಯದಲ್ಲಿ ಇಳಿಸಿದರು. ಅಲ್ಲಿನ ಬಿಡಾರಕ್ಕೆ ಹಿಂದ್ ನಗರ ಅಂತ ಹೆಸರಿಟ್ಟರು.

ಬೇಲಿಯೊಳಗೆ ಇದ್ದವರು 22,600ಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಕೈದಿಗಳು. ಉತ್ತರದ ಕಡೆಯಿಂದ ಬಂದವರು 359, ಅವರಲ್ಲಿ 23 ಅಮೆರಿಕನ್ನರು. ದೊಡ್ಡ ಗುಂಪಿನೊಳಗೆ ನಾಯಕರಿದ್ದರು. ಯಾರಾದರೂ ಊರಿಗೆ ಹೋಗ್ತೀನಿ ಅಂದ್ರೆ ಅವನ ಜೀವಕ್ಕೇ ಅಪಾಯ. ಅಂಥವರು ರಾತ್ರಿ ಬೇಲಿ ಹಾರಿ ಭಾರತೀಯ ಕಾವಲುಗಾರರ ಹತ್ತಿರ ಓಡಿ ಬರಬೇಕಿತ್ತು. ಉಳಿದವರು ಕಾವಲುಗಾರರ ಮೇಲೆ ಕಲ್ಲು ಬೀರುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಒಬ್ಬ ಭಾರತೀಯ ಮೇಜರ್‌ನನ್ನೇ ಕೈದಿಗಳು ಒಳಗೆ ಎಳೆದುಕೊಂಡರು. ಥೋರಟ್ ಆಯುಧ ಇಲ್ಲದೆ ಒಳಗೆ ಹೋಗಿ, ಮಾತಾಡಿಯೇ ಬಿಡಿಸಿಕೊಂಡು ಬಂದರು. ಎಲ್ಲವೂ ಹೀಗೆ ಸುಸೂತ್ರ ನಡೀಲಿಲ್ಲ. ಅಕ್ಟೋಬರ್ ಮೊದಲ ದಿನಗಳಲ್ಲಿ ಗಲಾಟೆಯಾಗಿ ಗುಂಡು ಹಾರಿತು, ಕೆಲವು ಕೈದಿಗಳು ಸತ್ತರು. ದಕ್ಷಿಣ ಕೊರಿಯಾದಲ್ಲಿ ಭಾರತೀಯರ ಮೇಲೆ ಸಿಟ್ಟು ಇನ್ನೂ ಏರಿತು. ಅಲ್ಲಿಂದ ಒಂದು ದೊಡ್ಡ ಗುಂಡಿನ ಕಾಳಗ ಆಗಿದ್ದಿದ್ದರೂ ಒಪ್ಪಂದ ಮುರಿಯುತ್ತಿತ್ತು, ಅದರ ಹಿಂದೆ ಏನಿತ್ತು ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಊರಿಗೆ ಬನ್ನಿ ಅಂತ ಆಯಾ ದೇಶದವರು ಕೈದಿಗಳಿಗೆ ತಿಳಿಹೇಳಲು 90 ದಿನ ಇತ್ತು. ಬಹುಪಾಲು ಕೈದಿಗಳು ಕೇಳಲು ಬರಲೇ ಇಲ್ಲ. ಬಲ ಪ್ರಯೋಗಿಸಿ ಎಳೆದು ತನ್ನಿ ಅಂತ ಒಂದು ಕಡೆಯ ಒತ್ತಡ. ತಿಮ್ಮಯ್ಯ ಒಪ್ಪಲಿಲ್ಲ, ಎಳೆಯಲು ಹೋದರೆ ಹೆಣ ಬೀಳುತ್ತಿದ್ದವು. ಹಾಗಂತ ಕೈದಿಗಳೆಲ್ಲ ಸ್ವಂತ ಮನಸ್ಸಿನಿಂದ ತೀರ್ಮಾನ ಮಾಡಿದರು ಅಂತಲೂ ಅವರು ಒಪ್ಪಲಿಲ್ಲ. ಒಳಗಿನ ನಾಯಕರ ಭಯ ಇತ್ತು ಅಂತ ಆಯೋಗದ ಬಹುಮತದ ವರದಿ ಹೇಳಿತು. ಅಂದ್ರೆ ಒಂದು ವಿಷಯದಲ್ಲಿ ಒಂದು ಕಡೆಗೆ, ಇನ್ನೊಂದರಲ್ಲಿ ಇನ್ನೊಂದು ಕಡೆಗೆ ಬೇಸರ.

ಅವಧಿ ಮುಗಿದ ಮೇಲೆ ಕೈದಿಗಳ ಭವಿಷ್ಯ ತೀರ್ಮಾನಿಸಬೇಕಿದ್ದ ರಾಜಕೀಯ ಸಮ್ಮೇಳನ ನಡೆಯಲೇ ಇಲ್ಲ. ಬಿಡುಗಡೆ ಮಾಡಿ ಅಂತ ಒಬ್ಬರು, ಇಟ್ಟುಕೊಳ್ಳಿ ಅಂತ ಇನ್ನೊಬ್ಬರು. ತಿಮ್ಮಯ್ಯ ಎರಡನ್ನೂ ಮಾಡಲಿಲ್ಲ. 1954ರ ಜನವರಿ 20ರಿಂದ ಕೈದಿಗಳನ್ನು ಅವರನ್ನು ತಂದುಕೊಟ್ಟ ಕಡೆಗೇ ಒಪ್ಪಿಸಿದರು. ಎರಡೂ ಕಡೆಯವರು ಗೊಣಗಿದರು. ಆದರೆ ಯುದ್ಧ ಮತ್ತೆ ಶುರುವಾಗಲಿಲ್ಲ. ದೊಡ್ಡ ಗುಂಪಿನಲ್ಲಿ ಊರಿಗೆ ಮರಳಿದವರು 600ಕ್ಕೂ ಸ್ವಲ್ಪ ಹೆಚ್ಚು. ಆ 23 ಅಮೆರಿಕನ್ನರಲ್ಲಿ 21 ಜನ ಚೀನಾಗೇ ಹೋದರು. ಎರಡೂ ಕಡೆ ಬೇಡ ಅಂದ 88 ಜನ ನಮ್ಮ ಸೈನಿಕರ ಜೊತೆ ಭಾರತಕ್ಕೆ ಬಂದರು. ಪೊನ್ನಪ್ಪನವರ ತಮ್ಮನಿಗೆ ಇವರ ಸಂಕಟ ನಮಗಿಂತ ಚೆನ್ನಾಗಿ ಅರ್ಥವಾಗಿರಬೇಕು ಅಂತ ನಮಗನ್ನಿಸುತ್ತೆ.

1954ರಲ್ಲಿ ಪದ್ಮಭೂಷಣ ಬಂತು. 1957ರ ಮೇನಲ್ಲಿ ಸೇನಾ ಮುಖ್ಯಸ್ಥರಾದರು. ಆ ಕಾಲ ಸುಖದ್ದಲ್ಲ. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಲಿಲ್ಲ. ಚೀನಾ ಗಡಿಯಲ್ಲಿ ಬಿಸಿ ಏರುತ್ತಿದ್ದಾಗಲೇ, 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ನೆಹರೂ ಮಾತಿಗೆ ವಾಪಸ್ ತೆಗೆದುಕೊಂಡರು. ಆಮೇಲೆ ನೆಹರೂ ಸಂಸತ್ತಿನಲ್ಲಿ ಅವರನ್ನೇ ಟೀಕಿಸಿದರು. ವಾಪಸ್ ತೆಗೆದುಕೊಳ್ಳಬಾರದಿತ್ತು ಅಂತ ನಮ್ಮಲ್ಲಿ ಕೆಲವರ ವಾದ. ಉಳಿದವರು ಒಪ್ಪಲ್ಲ. 1961ರ ಮೇನಲ್ಲಿ ನಿವೃತ್ತರಾಗಿ ಮಡಿಕೇರಿಗೆ ಮರಳಿದರು. ಮರುವರ್ಷವೇ ಸರಿಯಾದ ಚಳಿ ಬಟ್ಟೆ ಕೂಡ ಇಲ್ಲದೆ ನಮ್ಮ ಸೈನಿಕರು ಹಿಮಾಲಯದಲ್ಲಿ ಚೀನಾ ಎದುರು ನಿಲ್ಲಬೇಕಾಯ್ತು. ಜೋಜಿಲಾಗೆ ಮೊದಲು ದಾರಿ ಕಡಿಸಿ ಆಮೇಲೆ ಟ್ಯಾಂಕ್ ಹತ್ತಿಸಿದವರಿಗೆ ಅದನ್ನು ದೂರದಿಂದ ನೋಡೋದು ಎಷ್ಟು ಕಷ್ಟ ಆಗಿರಬೇಡ!

1964ರಲ್ಲಿ ವಿಶ್ವಸಂಸ್ಥೆ ಮತ್ತೆ ಕರೆಯಿತು. ಈ ಸಲ ಸೈಪ್ರಸ್. ಅಲ್ಲಿ ಗ್ರೀಕರು, ತುರ್ಕರು ಬಡಿದಾಡುತ್ತಿದ್ದರು. ಹಿಂದೆ ಗ್ರೀಸ್, ತುರ್ಕಿ, ಅವೆರಡೂ ನೇಟೋ ದೇಶಗಳು. ತುರ್ಕಿ ಒಳನುಗ್ಗಿದರೆ ಸೋವಿಯತ್ ಕೂಡ ಇಳಿಯಬಹುದು ಅನ್ನೋ ಭಯ ಅಮೆರಿಕಕ್ಕೇ ಇತ್ತು. ತಿಮ್ಮಯ್ಯ ಶಾಂತಿಪಡೆಯ ಕಮಾಂಡರ್ ಆಗಿ ಹೋದರು. ಮತ್ತೆ ಅದೇ ಕೆಲಸ, ಎರಡು ಗುಂಪಿನ ನಡುವೆ ನಿಂತು ಎರಡೂ ಕಡೆಯ ಬೈಗುಳ ತಿನ್ನೋದು. 1965ರ ಡಿಸೆಂಬರ್ 18ರಂದು ಅಲ್ಲೇ, ಕೆಲಸದಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 59.

ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾ ಊರಿನಲ್ಲಿ ಇವತ್ತಿಗೂ ಒಂದು ದೊಡ್ಡ ರಸ್ತೆಗೆ ಅವರ ಹೆಸರಿದೆ. ಬೆಂಗಳೂರಿನ ರಿಚ್ಮಂಡ್ ರಸ್ತೆಗೂ ಅವರದೇ ಹೆಸರು, ನಾವು ಯಾರೂ ಹಾಗೆ ಕರೆಯಲ್ಲ ಅಷ್ಟೇ. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ. ಮುಂದಿನ ಸಲ ಟ್ರಿಪ್ ಹೋದಾಗ ರಾಜಾಸೀಟಿನಲ್ಲಿ ಫೋಟೋ ತೆಗೆದುಕೊಂಡು ಹಾಗೇ ಬಸ್ ಹತ್ತಬೇಡಿ, ಅಲ್ಲಿಗೂ ಹೋಗಿ ಬನ್ನಿ.

ಮಂಡಿಪೇಟೆಯಲ್ಲಿ ಮತ್ತೆ ಯಾವತ್ತಾದರೂ ಬಾಂಬಿನ ಮಾತು ಬಂದರೆ ನಮ್ಮ ಹತ್ತಿರ ಈಗ ಹೇಳೋಕೆ ಒಂದು ಕಥೆ ಇದೆ. ಬಾಂಬ್ ಹಾಕದೇ ಒಂದು ಯುದ್ಧ ನಿಂತ ಕಥೆ. ಅದಕ್ಕೆ ಮುಳ್ಳುತಂತಿ ಬೇಲಿ, ಆರು ಸಾವಿರ ಜನರ ತಾಳ್ಮೆ, ಯಾರಿಗೂ ಪೂರ್ತಿ ಖುಷಿ ಕೊಡದ ಒಂದು ತೀರ್ಮಾನ ಬೇಕಾಯ್ತು. ಇನ್ನೊಂದು ಪ್ಲೇಟ್ ಮಂಡಕ್ಕಿ ಹೇಳಿದರೆ ಪೂರ್ತಿ ಹೇಳ್ತೀವಿ.