ಉಪ್ಪಿನ ಇಲಾಖೆಯ ಮಗ, ಬೆಳ್ಳಿತೆರೆಯ ಭೂತ

ಕಳೆದ ವರ್ಷ ಅಕ್ಟೋಬರ್ ತಿಂಗಳಿಡೀ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ, ಮಗಳ ಮನೆಯಲ್ಲಿದ್ದೆ. ಆ ತಿಂಗಳ 31ರಂದು ಅಲ್ಲಿ ಹ್ಯಾಲೋವೀನ್. ಮನೆಮನೆಯ ಮುಂದೆ ಕಣ್ಣು ಬಾಯಿ ಕೊರೆದ ಕುಂಬಳಕಾಯಿ, ಅದರೊಳಗೆ ದೀಪ, ಮೆಟ್ಟಿಲ ಮೇಲೆ ಪ್ಲಾಸ್ಟಿಕ್ಕಿನ ಅಸ್ಥಿಪಂಜರ. ಈ ದಿನಗಳಲ್ಲಿ ರಾತ್ರಿ ದೀಪ ಆರಿಸಿ ಮನೆಮಂದಿಯೆಲ್ಲ ಭಯದ ಚಲನಚಿತ್ರ ನೋಡುವುದು ಅಲ್ಲಿ ಅನೇಕರ ರೂಢಿ. ನಾಲ್ಕು ಶನಿವಾರಗಳಿಗೆ ನಾಲ್ಕು ಚಿತ್ರಗಳನ್ನು ಆರಿಸುವ ಹೊಣೆಯನ್ನು ಹದಿನೇಳರ ಮೊಮ್ಮಗಳು ನನಗೆ ವಹಿಸಿದಳು. ಅವಳದು ಒಂದೇ ಷರತ್ತು: ರಕ್ತ ಚೆಲ್ಲಾಡಕೂಡದು, ಆದರೆ ಮೈ ಜುಮ್ಮೆನ್ನಬೇಕು.

ಷರತ್ತು ನನಗೆ ಹಿಡಿಸಿತು. ನಮ್ಮ ಅಲಂಕಾರಶಾಸ್ತ್ರ ಭಯಾನಕವನ್ನೂ ಬೀಭತ್ಸವನ್ನೂ ಎರಡು ಬೇರೆ ರಸಗಳೆಂದೇ ಎಣಿಸಿದೆ. ಒಂದರ ಮೂಲ ಭಯ, ಇನ್ನೊಂದರದು ಜುಗುಪ್ಸೆ. ಇಂದಿನ ಬಹುಪಾಲು ಭಯದ ಚಿತ್ರಗಳು ಎರಡನೆಯದನ್ನು ಮೊದಲನೆಯದೆಂದು ಮಾರುತ್ತಿವೆ. ಈ ವ್ಯತ್ಯಾಸವನ್ನು ಬದುಕಿನುದ್ದಕ್ಕೂ ಒತ್ತಿ ಹೇಳಿದ ನಟನೊಬ್ಬ ಹಾಲಿವುಡ್‌ನಲ್ಲಿದ್ದ. ತನ್ನ ಚಿತ್ರಗಳಿಗೆ ಜನ ಬಳಸುತ್ತಿದ್ದ ‘ಹಾರರ್’ ಎಂಬ ಹೆಸರು ಆತನಿಗೆ ಇಷ್ಟವಿರಲಿಲ್ಲ. ಅದರಲ್ಲಿ ಹೇಸಿಗೆಯ ಛಾಯೆಯಿದೆ ಎಂಬುದು ಆತನ ಆಕ್ಷೇಪ. ಆತನೇ ಬೋರಿಸ್ ಕಾರ್ಲಾಫ್. ನಾನು ಆರಿಸಿದ ನಾಲ್ಕೂ ಚಿತ್ರಗಳು ಆತನವು.

ಆಯ್ಕೆಯ ಹಿಂದೆ ಇನ್ನೊಂದು ಕಾರಣವಿತ್ತು. ಮೊಮ್ಮಗಳು ಆಗ ಕಾಲೇಜುಗಳಿಗೆ ಅರ್ಜಿ ಹಾಕುವ ಹೊಸ್ತಿಲಲ್ಲಿದ್ದಳು. ತಂದೆ ತಾಯಿಗೆ ಆಕೆ ಎಂಜಿನಿಯರಿಂಗ್ ಓದಲೆಂಬ ಆಸೆ. ಅವಳಿಗೆ ಚಲನಚಿತ್ರಗಳ ಧ್ವನಿವಿನ್ಯಾಸ ಕಲಿಯುವ ಹಂಬಲ. ಊಟದ ಮೇಜಿನ ಸುತ್ತ ಬಿಗಿಯಾದ ಮೌನ. ನಾನು ಬುದ್ಧಿ ಹೇಳಬೇಕೆಂದು ಮಗಳು ಬಯಸಿದ್ದಳು. ಮೂರು ದಶಕಗಳಿಗೂ ಹೆಚ್ಚು ಕಾಲ ತೆರಿಗೆ ಆಡಳಿತದಲ್ಲಿ ಕಡತ ತಿರುವಿದ ನನಗೆ, ಇಂಥದೇ ಕುಟುಂಬವೊಂದರಿಂದ ತಪ್ಪಿಸಿಕೊಂಡು ಹೋದ ಕಾರ್ಲಾಫ್‌ನ ಕಥೆ ನೆನಪಾದದ್ದು ಸಹಜವೇ.

ಆತನ ನಿಜನಾಮ ವಿಲಿಯಂ ಹೆನ್ರಿ ಪ್ರ್ಯಾಟ್. 1887ರ ನವೆಂಬರ್ 23ರಂದು ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ, ಒಂಬತ್ತು ಮಕ್ಕಳಲ್ಲಿ ಕೊನೆಯವನಾಗಿ ಜನನ. ತಂದೆ ಬ್ರಿಟಿಷ್ ಭಾರತದ ಉಪ್ಪಿನ ಕಂದಾಯ ಇಲಾಖೆಯ ಅಧಿಕಾರಿ. 1930ರಲ್ಲಿ ಗಾಂಧೀಜಿ ದಂಡಿಯಲ್ಲಿ, ನಮ್ಮವರು ಅಂಕೋಲೆಯಲ್ಲಿ ಮುರಿದದ್ದು ಆ ಇಲಾಖೆ ಕಾಯುತ್ತಿದ್ದ ಉಪ್ಪಿನ ಕಾನೂನನ್ನೇ. ತಂದೆ ತಾಯಿ ಇಬ್ಬರ ವಂಶದಲ್ಲಿಯೂ ಭಾರತೀಯ ರಕ್ತ ಬೆರೆತಿತ್ತು. ಸಯಾಮಿನ ಅರಮನೆಯಲ್ಲಿ ಪಾಠ ಹೇಳಿ ಹೆಸರಾದ, ಅಹಮದ್‌ನಗರದಲ್ಲಿ ಹುಟ್ಟಿದ ಆ್ಯನಾ ಲಿಯೊನೊವೆನ್ಸ್ ಆತನ ಅಜ್ಜಿಯ ಸಹೋದರಿ. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಹುಡುಗನನ್ನು ಹಿರಿಯ ಒಡಹುಟ್ಟಿದವರು ಬೆಳೆಸಿದರು. ತೊದಲು ಮಾತು, ಸೊಟ್ಟ ಕಾಲು, ಆ ಕಾಲದ ಇಂಗ್ಲೆಂಡಿನಲ್ಲಿ ಎದ್ದು ಕಾಣುವ ಕಂದು ಮೈಬಣ್ಣ. ಒಂಬತ್ತರ ವಯಸ್ಸಿನಲ್ಲಿ ಸಿಂಡರೆಲಾ ನಾಟಕದಲ್ಲಿ ಆತ ವಹಿಸಿದ ಪಾತ್ರ ರಾಕ್ಷಸರಾಜನದು.

ಅಣ್ಣಂದಿರು ಸರ್ಕಾರಿ ಸೇವೆಯಲ್ಲಿ ಮೇಲೇರಿದರು. ಅವರಲ್ಲೊಬ್ಬ, ಮುಂದೆ ಸರ್ ಪದವಿ ಪಡೆದ ಜಾನ್ ಪ್ರ್ಯಾಟ್, ಚೀನಾದಲ್ಲಿ ರಾಯಭಾರ ವರ್ಗದ ಅಧಿಕಾರಿಯಾಗಿದ್ದ. ಕಿರಿಯವನಿಗೂ ಅದೇ ದಾರಿ ಗೊತ್ತಾಗಿತ್ತು. ಕಾನ್ಸುಲರ್ ಸೇವೆಗೆ ಸಿದ್ಧನಾಗಲೆಂದು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಸೇರಿಸಿದರು. ಹುಡುಗ ತರಗತಿಗಿಂತ ಹೆಚ್ಚಾಗಿ ರಂಗಮಂದಿರಗಳಲ್ಲಿ ಕಾಲ ಕಳೆದ. 1909ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಕೆನಡಾಕ್ಕೆ ಹಡಗು ಹತ್ತಿದ.

ಅಲ್ಲಿಂದ ಮುಂದಿನ ಇಪ್ಪತ್ತೆರಡು ವರ್ಷಗಳನ್ನು ಆತನ ಜೀವನಚರಿತ್ರೆಗಳ ಓದುಗರು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಅವೇ. ಹೊಲದಲ್ಲಿ ಕೂಲಿ ಮಾಡಿದ, ನೆಲ ಅಗೆದ, ಪಶ್ಚಿಮ ಕೆನಡಾದ ಸಣ್ಣ ಊರುಗಳಲ್ಲಿ ಸುತ್ತುವ ನಾಟಕ ಕಂಪನಿ ಸೇರಿದ. ಮನೆತನದ ಹೆಸರಿಗೆ ಮುಜುಗರವಾಗದಿರಲೆಂದೋ ಏನೋ, ಬೋರಿಸ್ ಕಾರ್ಲಾಫ್ ಆದ. 1919ರ ಹೊತ್ತಿಗೆ ಹಾಲಿವುಡ್ ತಲುಪಿದ. ಮೈಬಣ್ಣದಿಂದಾಗಿ ದೊರೆತದ್ದು ಅರಬರ, ಹಿಂದೂಸ್ತಾನಿಗಳ, ಮೂಲನಿವಾಸಿಗಳ ಚಿಕ್ಕ ಪಾತ್ರಗಳು. ಪಾತ್ರವಿಲ್ಲದಾಗ ಲಾರಿ ಓಡಿಸಿದ, ಸರಕು ಹೊತ್ತ. ನಿರ್ದೇಶಕ ಜೇಮ್ಸ್ ವೇಲ್ ಯೂನಿವರ್ಸಲ್ ಸ್ಟುಡಿಯೋದ ಭೋಜನಶಾಲೆಯಲ್ಲಿ ಆತನ ಮುಖವನ್ನು ಗಮನಿಸಿದಾಗ ಆತನಿಗೆ ನಲವತ್ಮೂರು ವರ್ಷ. ಆ ವೇಳೆಗೆ ಸುಮಾರು ಎಂಬತ್ತು ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದರೂ ಹೆಸರು ಯಾರಿಗೂ ತಿಳಿದಿರಲಿಲ್ಲ.

ಆ ಮುಖದಿಂದ ಮೂಡಿದ್ದು 1931ರ ‘ಫ್ರಾಂಕನ್‌ಸ್ಟೈನ್’. ನಮ್ಮ ಮೊದಲ ಶನಿವಾರದ ಚಿತ್ರ. ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧನಕಾರ ದಿನವೂ ಸುಮಾರು ನಾಲ್ಕು ಗಂಟೆ ಕುಳಿತು ಆ ದೈತ್ಯನ ರೂಪ ತಿದ್ದುತ್ತಿದ್ದ. ಆರಂಭದ ನಟವರ್ಗದ ಪಟ್ಟಿಯಲ್ಲಿ ಪಾತ್ರಧಾರಿಯ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಮಾತ್ರ. ಶೀರ್ಷಿಕೆಗಳನ್ನು ಬಿಟ್ಟರೆ ಹಿನ್ನೆಲೆ ಸಂಗೀತವಿಲ್ಲ. ಗುಡುಗು, ಯಂತ್ರಗಳ ಸಿಡಿತ, ಭಾರವಾದ ಹೆಜ್ಜೆಯ ಸಪ್ಪಳ. ದೈತ್ಯನಿಗೆ ಮಾತಿಲ್ಲ. ಸರೋವರದ ದಡದಲ್ಲಿ ಪುಟ್ಟ ಹುಡುಗಿಯೊಬ್ಬಳು ಹೂಗಳನ್ನು ನೀರಿನಲ್ಲಿ ತೇಲಿಬಿಡುತ್ತಾಳೆ. ಹೂ ಮುಗಿದಾಗ ಅವಳೂ ತೇಲುವಳೆಂದು ನಂಬಿ ದೈತ್ಯ ಅವಳನ್ನೇ ಎಸೆಯುತ್ತಾನೆ. ಸೆನ್ಸಾರಿನ ಕತ್ತರಿಗೆ ಸಿಕ್ಕಿದ್ದ ಆ ತುಣುಕು ಚಿತ್ರಕ್ಕೆ ಮರಳಿದ್ದು 1980ರ ದಶಕದಲ್ಲಿ. ನೀರನ್ನು ಕಂಡು ದಿಗ್ಭ್ರಮೆಗೊಳ್ಳುವ ಆ ಕೈಗಳನ್ನು ನೋಡಿದವರಿಗೆ ಭಯದ ಬೆನ್ನಿಗೇ ಕರುಣೆ ಹುಟ್ಟುತ್ತದೆ. ಕಾರ್ಲಾಫ್‌ನ ಹಿರಿಮೆಯೆಲ್ಲ ಇಲ್ಲಿದೆ.

ಭಾರವಾದ ವೇಷ ಹೊತ್ತು ರಾತ್ರಿಯಿಡೀ ದುಡಿದ ಆತನಿಗೆ ಬೆನ್ನುನೋವು ಕೊನೆಯವರೆಗೂ ಬಿಡಲಿಲ್ಲ. 1933ರಲ್ಲಿ ನಟರ ಸಂಘಟನೆಯಾದ ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್ ರೂಪುಗೊಂಡಾಗ ಸ್ಥಾಪಕ ಸದಸ್ಯರಲ್ಲಿ ಆತನೂ ಒಬ್ಬ. ಮಹಾಕುಸಿತದ ಆ ವರ್ಷಗಳಲ್ಲಿ ಸ್ಟುಡಿಯೋಗಳ ವಿರುದ್ಧ ಸಂಘ ಕಟ್ಟುವುದೆಂದರೆ ಹೊಟ್ಟೆಪಾಡನ್ನೇ ಪಣಕ್ಕಿಟ್ಟಂತೆ. ಎರಡು ದಶಕ ಕೂಲಿ ಮಾಡಿದವನಿಗೆ ಕೂಲಿಯ ಅರ್ಥ ತಿಳಿದಿತ್ತು.

ಎರಡನೆಯ ಶನಿವಾರ 1932ರ ‘ದಿ ಮಮ್ಮಿ’. ಸಾವಿರಾರು ವರ್ಷ ಸತ್ತು ಮಲಗಿದ್ದ ಶವ ಎದ್ದು ನಡೆಯುವುದನ್ನು ನಿರ್ದೇಶಕ ಕಾರ್ಲ್ ಫ್ರಾಯ್ಂಡ್ ತೋರಿಸುವುದೇ ಇಲ್ಲ. ಅರೆತೆರೆದ ಕಣ್ಣು, ಸುರುಳಿಯನ್ನೆತ್ತುವ ಕೈ, ಬಾಗಿಲಾಚೆ ಎಳೆದುಕೊಂಡು ಹೋಗುವ ಬಟ್ಟೆಯ ತುದಿ, ಅದನ್ನು ಕಂಡ ಯುವಕನ ಹುಚ್ಚು ನಗೆ: ಇಷ್ಟೇ. ಮೂರನೆಯ ಶನಿವಾರ ಅದೇ ವರ್ಷದ ‘ದಿ ಓಲ್ಡ್ ಡಾರ್ಕ್ ಹೌಸ್’. ಮಳೆಗೆ ಸಿಕ್ಕ ಪ್ರಯಾಣಿಕರು ವಿಚಿತ್ರ ಮನೆಯೊಂದರಲ್ಲಿ ರಾತ್ರಿ ಕಳೆಯುವ ಕಥೆ. ಕಾರ್ಲಾಫ್ ಅಲ್ಲಿ ಮಾತು ಬಾರದ ಸೇವಕ. ಕಳೆದೇಹೋಯಿತೆಂದು ಭಾವಿಸಿದ್ದ ಈ ಚಿತ್ರದ ಮೂಲಪ್ರತಿ ಯೂನಿವರ್ಸಲ್‌ನ ಉಗ್ರಾಣದಲ್ಲಿ ದೊರೆತದ್ದು 1968ರಲ್ಲಿ.

ನನಗೆ ಅತ್ಯಂತ ಪ್ರಿಯವಾದ ಪ್ರಸಂಗ 1933ರದು. ‘ದಿ ಗೂಲ್’ ಚಿತ್ರಕ್ಕಾಗಿ ಕಾರ್ಲಾಫ್ ಇಂಗ್ಲೆಂಡಿಗೆ ಮರಳಿದ. ಮನೆ ಬಿಟ್ಟು ಕಾಲು ಶತಮಾನವಾಗುತ್ತ ಬಂದಿತ್ತು. ಗಣ್ಯ ಅಧಿಕಾರಿಗಳಾದ ಅಣ್ಣಂದಿರು ಭೂತದ ವೇಷ ಕಟ್ಟುವ ತಮ್ಮನನ್ನು ಕಂಡು ತಲೆ ತಗ್ಗಿಸುವರೇನೋ ಎಂಬ ಅಳುಕು. ಪತ್ರಿಕೆಯವರು ಸಹೋದರರ ಛಾಯಾಚಿತ್ರ ತೆಗೆಯಬಯಸಿದಾಗ ಆತ ಹಿಂಜರಿದ. ಆದರೆ ಆ ಹಿರಿಯರು ಹುಡುಗರಂತೆ ತಾ ಮುಂದು ನಾ ಮುಂದು ಎಂದು ತಮ್ಮನ ಪಕ್ಕದ ಜಾಗಕ್ಕೆ ಪೈಪೋಟಿ ನಡೆಸಿದರಂತೆ. ನಲವತ್ತೈದು ವರ್ಷದ ಆ ತಾರೆ ಅಂದು ಪಟ್ಟ ಸಂತೋಷವನ್ನು ಜೀವನಪೂರ್ತಿ ನೆನೆಯುತ್ತಿದ್ದ.

1940ರ ದಶಕದ ಹೊತ್ತಿಗೆ ಭಯದ ಚಿತ್ರಗಳು ಸವಕಲು ನಾಣ್ಯಗಳಾಗಿದ್ದವು. ಆಗ ಆರ್‌ಕೆಒ ಸ್ಟುಡಿಯೋದಲ್ಲಿ ವ್ಯಾಲ್ ಲೂಟನ್ ಎಂಬ ನಿರ್ಮಾಪಕನಿದ್ದ. ಚಿತ್ರದ ಹೆಸರನ್ನು ಮೇಲಿನವರೇ ಕೊಡುತ್ತಿದ್ದರು. ವೆಚ್ಚ ಒಂದೂವರೆ ಲಕ್ಷ ಡಾಲರ್ ಮೀರಬಾರದು, ಅವಧಿ 75 ನಿಮಿಷದ ಆಸುಪಾಸಿನಲ್ಲಿರಬೇಕು ಎಂಬುದು ಆರಂಭದಲ್ಲಿ ಆತನಿಗಿದ್ದ ಕಟ್ಟಳೆ. ದುಬಾರಿ ಭೂತಗಳನ್ನು ತೋರಿಸಲು ಹಣವಿಲ್ಲದ್ದರಿಂದ ಆತ ಕತ್ತಲನ್ನೂ ಸದ್ದನ್ನೂ ಬಳಸಿದ. ಅಭಾವವು ಆಯ್ಕೆಯನ್ನು ಹರಿತಗೊಳಿಸುತ್ತದೆ ಎಂಬ ಅರ್ಥಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಎಂ.ಎ. ಪಠ್ಯಗಳಲ್ಲಿ ಇರಲಿಲ್ಲ. ಲೂಟನ್‌ಗಾಗಿ ಕಾರ್ಲಾಫ್ ಮೂರು ಚಿತ್ರಗಳಲ್ಲಿ ನಟಿಸಿದ. ಅವುಗಳಲ್ಲಿ ಶ್ರೇಷ್ಠವಾದದ್ದು ಸ್ಟೀವನ್‌ಸನ್ನನ ಕಥೆಯನ್ನಾಧರಿಸಿದ 1945ರ ‘ದಿ ಬಾಡಿ ಸ್ನ್ಯಾಚರ್’. ನಿರ್ದೇಶಕ ರಾಬರ್ಟ್ ವೈಸ್. ವೈದ್ಯಶಾಲೆಗೆ ಹೆಣ ಒದಗಿಸುವ ಎಡಿನ್‌ಬರೋದ ಗಾಡಿವಾನ ಕಾರ್ಲಾಫ್. ಬೀದಿಯಲ್ಲಿ ಹಾಡಿ ಬೇಡುವ ಯುವತಿ ಕಮಾನಿನಾಚೆಯ ಕತ್ತಲೊಳಗೆ ಹೋಗುತ್ತಾಳೆ. ಗಾಡಿ ನಿಧಾನವಾಗಿ ಹಿಂಬಾಲಿಸುತ್ತದೆ. ಏನೂ ಕಾಣದು, ಹಾಡು ಮಾತ್ರ ಕೇಳುತ್ತಿರುತ್ತದೆ. ಥಟ್ಟನೆ ಹಾಡು ನಿಲ್ಲುತ್ತದೆ.

ಕಾರ್ಲಾಫ್ ಕೊನೆಯವರೆಗೂ ದುಡಿದ. 1966ರಲ್ಲಿ ಗ್ರಿಂಚ್‌ನ ಕಥೆಯನ್ನು ಟೆಲಿವಿಷನ್ ಮಕ್ಕಳಿಗೆ ಹೇಳಿದ ದನಿ, ಒಮ್ಮೆ ತೊದಲುತ್ತಿದ್ದ ಆ ದನಿಯೇ. 1968ರ ‘ಟಾರ್ಗೆಟ್ಸ್’ ಚಿತ್ರದಲ್ಲಿ ನಿವೃತ್ತಿ ಬಯಸುವ ವೃದ್ಧ ಭಯಚಿತ್ರನಟನ ಪಾತ್ರ ಆತನದು. ಸ್ವತಃ ಆತನಿಗೆ ನಿವೃತ್ತಿ ಒಗ್ಗಲಿಲ್ಲ. ಶ್ವಾಸಕೋಶ ಸೋತು, ಗಾಲಿಕುರ್ಚಿಯಲ್ಲಿ ಕುಳಿತೂ ಕ್ಯಾಮೆರಾದೆದುರು ಬಂದ. 1969ರ ಫೆಬ್ರುವರಿ 2ರಂದು ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ ತೀರಿಕೊಂಡ.

ಕೊನೆಯ ಶನಿವಾರ ಆ ಹಾಡು ನಿಂತಾಗ ಮೊಮ್ಮಗಳು ಚಿತ್ರವನ್ನು ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿಕೊಂಡು ಮೂರು ಬಾರಿ ಕೇಳಿದಳು. ಅಳಿಯ ಅವಳನ್ನೇ ನೋಡುತ್ತಿದ್ದರು. ಬುದ್ಧಿ ಹೇಳುವ ಸರದಿ ನನ್ನದೆಂದು ಮಗಳು ಕಣ್ಸನ್ನೆ ಮಾಡಿದಳು. ಒಬ್ಬ ಕಾರ್ಲಾಫ್‌ನ ಜೊತೆ ನೆಲ ಅಗೆದು, ಯಾರ ಕಣ್ಣಿಗೂ ಬೀಳದೆ ಹೋದವರು ಎಷ್ಟೋ ಮಂದಿ ಇದ್ದಿರಬೇಕು. ಗೆದ್ದವನೊಬ್ಬನ ಕಥೆಯಿಂದ ಸೂತ್ರ ತೆಗೆಯುವುದು ಕೆಟ್ಟ ಅರ್ಥಶಾಸ್ತ್ರ. ಅಷ್ಟನ್ನು ಮೊಮ್ಮಗಳಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಮಗಳಿಗೆ ಮತ್ತು ಅಳಿಯನಿಗೆ ಮಾತ್ರ ಆ ಅಣ್ಣಂದಿರ ಛಾಯಾಚಿತ್ರದ ಕಥೆ ಹೇಳಿದೆ. ಪಕ್ಕದಲ್ಲಿ ನಿಲ್ಲುವುದಕ್ಕೆ ಅವರು ಇಪ್ಪತ್ನಾಲ್ಕು ವರ್ಷ ತಡ ಮಾಡಿದ್ದರು.

ಮೊಮ್ಮಗಳು ಎರಡೂ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿದಳು. ಧ್ವನಿವಿನ್ಯಾಸದ ಅರ್ಜಿಯ ಶುಲ್ಕ ಕಟ್ಟಿದ್ದು ಅವಳ ತಂದೆ.